ಮಡಿ ತಾಸು

ದವಾಖಾನೆಗೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಚಹಾ ಆದಮೇಲೆ ಅವರಲ್ಲಿ ಒಬ್ಬಳಾದರೂ ಕೇಳಿಯೇ ಕೇಳುತ್ತಾಳೆ: "ಬಾಯಿ, ನಿಮ್ಮ ನೌಕರ್ಯಾಗ ಎಲ್ಲಾಕ್ಕಿಂತ ಕಠಿಣ ಕೆಲಸ ಯಾವುದಿತ್ರಿ?" ಅಡ್ಡ ಬಂದ ಕೂಸಿನ ಹೆರಿಗೆಯೋ, ಪ್ಲೇಗಿನ ದಿನಗಳೋ ಅಂತ ನಾನು ಹೇಳಬಹುದೆಂದು ಕಾಯುತ್ತಾರೆ. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿ ತೋರಿಸುತ್ತೇನೆ. "ಇದು. ಹಿಂಗ ಸುಮ್ಮನ ನಿಲ್ಲೋದು" ಅನ್ನುತ್ತೇನೆ. ಮುದುಕಿಗೆ ಅರಳುಮರಳು ಅಂದುಕೊಂಡು ನಗುತ್ತಾರೆ. ನಗಲಿ. ಕೈ ಕಟ್ಟಿ ನಿಲ್ಲುವುದನ್ನು ಕಲಿಯಲು ನನಗೆ ಹಿಡಿದಷ್ಟು ಕಾಲ ಬೇರೆ ಯಾವ ಕೆಲಸಕ್ಕೂ ಹಿಡಿಯಲಿಲ್ಲ. ಅದನ್ನು ಯಾರಿಂದ ಕಲಿತೆ ಎಂಬುದನ್ನು ಅವರಿಗಾಗಿಯೇ ಬರೆದಿಡುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು ಹುಬ್ಬಳ್ಳಿಯ ಒಂದು ಹೆಂಗಸರ ದವಾಖಾನೆಯಲ್ಲಿ. ಇಂಗ್ಲಿಷರ ಆಳ್ವಿಕೆ, ಲಾಟೀನಿನ ಬೆಳಕು, ರೋಗಿಗಳನ್ನು ಟಾಂಗಾದಲ್ಲಿ ತರುವ ಕಾಲ. ನಮ್ಮದು ಕ್ರಿಸ್ತ ಮನೆತನ. ಅಪ್ಪ ಹಂಚಿನ ಕಾರಖಾನೆಯಲ್ಲಿ ದುಡಿದವನು. ಮಗಳು ಓದಿ ನರ್ಸ್ ಆದಳೆಂದು ಓಣಿಗೆಲ್ಲ ಸಕ್ಕರೆ ಹಂಚಿದವನು. ನಮ್ಮ ದವಾಖಾನೆಯ ಮುಖ್ಯಸ್ಥೆಯನ್ನು ಎಲ್ಲರೂ ಡಾಕ್ಟರಬಾಯಿ ಎಂದೇ ಕರೆಯುತ್ತಿದ್ದರು. ಪುಣೆಯ ಕಡೆಯ ಹೆಂಗಸು, ಗಟ್ಟಿ ದನಿ, ಅದಕ್ಕಿಂತ ಗಟ್ಟಿ ಬೂಟು. ಆ ಬೂಟಿನ ಸಪ್ಪಳ ವರಾಂಡದಲ್ಲಿ ಕೇಳಿಸಿದರೆ ಸಾಕು, ನೋವೆಂದು ನರಳುವವರೂ ಬಾಯಿ ಮುಚ್ಚುತ್ತಿದ್ದರು.

ಆಗ ನಮಗೆ ಕಲಿಸಿದ ಪಾಠ ಒಂದೇ: ಹಾಸಿಗೆಯೇ ಅರ್ಧ ಔಷಧ. ಜ್ವರವಾದರೂ ಹಾಸಿಗೆ, ಹೊಟ್ಟೆ ಕೊಯ್ದರೂ ಹಾಸಿಗೆ, ವಯಸ್ಸಾದವರಾದರಂತೂ ಜಾಸ್ತಿ ಹಾಸಿಗೆ. ವಾರ್ಡಿನಲ್ಲಿ ಎತ್ತರದ ಕಬ್ಬಿಣದ ಮಂಚಗಳಿದ್ದವು. ಹುಟ್ಟಿದಾಗಿನಿಂದ ನೆಲದ ಮೇಲೆ ಚಾಪೆ ಹಾಸಿ ಮಲಗಿದ ಹಳ್ಳಿಯ ಮುದುಕಿಯರಿಗೆ ಆ ಮಂಚ ಕಂಡರೆ ಬಿದ್ದೇವೆಂಬ ಹೆದರಿಕೆ. ನಾವು ಅತ್ತ ಹೋದದ್ದೇ ತಡ, ಮೆಲ್ಲಗೆ ಇಳಿದು ಮಂಚದ ಅಡಿ ಸೇರಿಬಿಡುವರು. ಒಂದು ಮುಂಜಾನೆ ಡಾಕ್ಟರಬಾಯಿ ಬಂದು ನೋಡಿದರೆ ಸಾಲು ಮಂಚಗಳು ಖಾಲಿ.

"ಮಾರ್ಥಾ, ಪೇಶಂಟ್ ಎಲ್ಲೆ?" ಎಂದು ನನ್ನ ಮೇಲೆ ಗುಡುಗಿದರು.

ಮಂಚದ ಅಡಿಯಿಂದ ಒಂದು ದನಿ ಬಂತು: "ಇಲ್ಲೇ ಅದೀವ್ರೀ ಯವ್ವಾ, ಎಲ್ಲೂ ಓಡಿಹೋಗಿಲ್ಲ."

ಬೈಸಿಕೊಂಡವಳು ನಾನು. ಆದರೆ ಆಮೇಲಾಮೇಲೆ ನನಗೊಂದು ವಿಚಿತ್ರ ಕಾಣತೊಡಗಿತು. ಹೇಳಿದ ಮಾತು ಕೇಳಿ ಮಂಚದ ಮೇಲೆ ಅಲುಗದೆ ಮಲಗಿದ ಮುದುಕಿಯರನ್ನು ಮನೆಗೆ ಹೋಗುವಾಗ ಮಕ್ಕಳು ಹೊತ್ತುಕೊಂಡು ಹೋಗುತ್ತಿದ್ದರು. ಮಾತು ಕೇಳದೆ ಇಳಿದು ಹತ್ತಿ ಮಾಡಿದವರು ತಾವೇ ನಡೆದುಕೊಂಡು ಟಾಂಗಾ ಹತ್ತುತ್ತಿದ್ದರು. ಇದನ್ನು ಡಾಕ್ಟರಬಾಯಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಕೆಲವು ವರ್ಷ ಕಳೆದ ಮೇಲೆ ಒಂದು ದಿನ ಡಾಕ್ಟರಬಾಯಿ ನನ್ನನ್ನು ದುರ್ಗದಬೈಲಿನ ಆಚೆಯ ಓಣಿಯ ಒಂದು ಮನೆಗೆ ಕಳಿಸಿದರು. ಧಾರವಾಡದಿಂದ ವರ್ಗವಾಗಿ ಬಂದ ಸಾಲಿ ಮಾಸ್ತರರ ಮನೆ. ಮಾಸ್ತರ, ಅವರ ಹೆಂಡತಿ ಸುಶೀಲಾ, ಕಂಕುಳ ಕೂಸು, ಮತ್ತು ಮಾಸ್ತರರ ತಾಯಿ ಭಾಗಕ್ಕ. ಭಾಗಕ್ಕ ಮಡಿ ಹೆಂಗಸು. ಗಂಡ ಹೋದಂದಿನಿಂದ ಕೆಂಪು ಸೀರೆ ಉಟ್ಟು, ಬಾವಿಯಿಂದ ತಾವೇ ನೀರು ಸೇದಿ, ತಮ್ಮ ಅಡಿಗೆ ತಾವೇ ಮಾಡಿಕೊಂಡವರು. ಮಳೆಗಾಲದಲ್ಲಿ ವಿಷಮಜ್ವರ ಬಂದು ಮಲಗಿದರು. ಜ್ವರ ಬಿಟ್ಟು ಹೋಗಿ ಎಷ್ಟೋ ದಿನವಾಗಿತ್ತು, ಭಾಗಕ್ಕ ಮಾತ್ರ ಎದ್ದಿರಲಿಲ್ಲ.

ಮೊದಲ ದಿನ ನನ್ನನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿದರು. ಕುಡಿಯಲು ಬೇಡಿದ ನೀರನ್ನು ಮೇಲಿನಿಂದ ಬೊಗಸೆಗೆ ಹಾಕಿದರು. ಆಮೇಲೆ ಭಾಗಕ್ಕನ ಕೋಣೆಯ ಹೊಸ್ತಿಲವರೆಗೆ ಬಿಟ್ಟರು. ನಾನು ಹೊರಟ ಮೇಲೆ ಆ ಹೊಸ್ತಿಲಿಗೆ ನೀರು ಚಿಮುಕಿಸಿದ್ದೂ ಕಣ್ಣಿಗೆ ಬಿತ್ತು. ಇದನ್ನು ನಾನು ಸಕ್ಕರೆ ಸವರಿ ಹೇಳುವುದಿಲ್ಲ. ಇನ್ನೊಮ್ಮೆ ಈ ಮನೆ ಮೆಟ್ಟುವುದಿಲ್ಲವೆಂದು ಡಾಕ್ಟರಬಾಯಿಗೆ ಹೇಳಬೇಕೆಂದಿದ್ದೆ. ತಡೆದದ್ದು ಒಂದೇ ಒಂದು ಸಂಗತಿ: ಹಾಸಿಗೆಯ ಪಕ್ಕ ತಾಮ್ರದ ತಂಬಿಗೆ ತುಂಬ ನೀರಿತ್ತು, ಭಾಗಕ್ಕನ ತುಟಿ ಒಣಗಿ ಬಿರಿದಿತ್ತು.

ಮಾರನೆಯ ಭೇಟಿಯಲ್ಲಿ ಮಗ ಸಾಲಿಗೆ ಹೋಗಿದ್ದ, ಸೊಸೆ ಅಡಿಗೆಮನೆಯಲ್ಲಿದ್ದಳು. ಹೊಸ್ತಿಲ ಹೊರಗೆ ಕೂತು ಕೇಳಿದೆ, "ನೀರು ಯಾಕ ಕುಡಿಯೂದಿಲ್ರಿ ಅಮ್ಮ?"

ಭಾಗಕ್ಕ ಮಾಡು ನೋಡುತ್ತಲೇ ಉತ್ತರಿಸಿದರು.

"ಕುಡದ್ರ ಹಿತ್ತಲಕ್ಕ ಹೋಗಬೇಕಾಗ್ತದ" ಅಂದರು. "ಹೋಗಬೇಕಂದ್ರ ಮಗ ಎತಗೊಂಡು ಹೋಗ್ತಾನ. ಅವನ್ನ ಎತಗೊಂಡು ಹಿತ್ತಲಕ್ಕ ಹೋದಾಕಿ ನಾನು. ಈಗ ಅವ ನನ್ನ ಎತಗೊಂಡು ಹೋಗೋದಂದ್ರ... ಅದಕ್ಕ ಕುಡಿಯೂದಿಲ್ಲ. ಈ ಹುಬ್ಬಳ್ಳಿ ನೀರಿಗೆ ಬ್ಯಾಳಿನೂ ಬೇಯೂದಿಲ್ಲ, ಕುಡದ್ರೇನು ಬಿಟ್ರೇನು." ಕೊನೆಯ ಮಾತಿಗೆ ನಗಲು ನೋಡಿದರು. ನಗು ಬರಲಿಲ್ಲ.

ಅಂದು ನನ್ನ ಸಿಟ್ಟು ಅರ್ಧ ಇಳಿಯಿತು. ಈಕೆ ನೀರಡಿಸಿಯೇ ಸಾಯುತ್ತಾಳೆ, ಅದೂ ಮಗನ ಪ್ರೀತಿಗೆ ಹೆದರಿ, ಅನ್ನಿಸಿತು. ಕಾಲಿಗೆ ಕಸುವು ಬಂದರೆ ಬದುಕು, ಇಲ್ಲದಿದ್ದರೆ ಇಲ್ಲ. ಅಷ್ಟು ಸ್ಪಷ್ಟವಿತ್ತು.

ಡಾಕ್ಟರಬಾಯಿಯ ಎದುರು ನಿಂತು ಮಂಚ ಇಳಿದ ಮುದುಕಿಯರ ಸಂಗತಿಯನ್ನೂ ಸೇರಿಸಿ ಎಲ್ಲ ಹೇಳಿದೆ. ಬೈಯುತ್ತಾರೆಂದು ಕಣ್ಣು ಮುಚ್ಚಿದ್ದೆ. ಅವರು ಕನ್ನಡಕ ಒರೆಸುತ್ತ, "ನನಗೂ ಇತ್ತೀಚಿಗೆ ಹಾಂಗ ಅನ್ನಸಾಕತ್ತದ. ದುಡಿಯದ ಕಾಲು ಒಣಗತಾವ. ಎಬ್ಬಿಸಿ ನೋಡು. ಆದ್ರ ಜೋಪಾನ" ಅಂದರು. ಇಷ್ಟು ದಿನ ಅವರೂ ನನ್ನ ಹಾಗೆ ಹೇಳಲು ಯಾರಾದರೂ ಸಿಗಲೆಂದು ಕಾಯುತ್ತಿದ್ದರೋ ಏನೋ. ಆ ಹೆಂಗಸಿನ ಋಣ ನನ್ನ ಮೇಲೆ ದೊಡ್ಡದು.

ಎಬ್ಬಿಸುವುದೇನೋ ಸರಿ, ಹೇಗೆ? ನಮ್ಮ ಕಡೆಯ ಮನೆಗಳಲ್ಲಿ ಕುರ್ಚಿ ಎಲ್ಲಿತ್ತು? ಊಟಕ್ಕೆ ಮಣೆ, ಜಪಕ್ಕೆ ಮಣೆ, ಕಾಯಿಪಲ್ಯ ಹೆಚ್ಚಲು ಮಣೆ. ನೆಲದಿಂದ ಏಳಲು ಬಂದರೆ ಹೆಂಗಸು ಮನೆಯ ಯಜಮಾನಿ, ಬರದಿದ್ದರೆ ಮೂಲೆಯ ಗಂಟು. ಮಾಸ್ತರರ ಮನೆಯ ಅಟ್ಟದ ಮೇಲೆ ಹಬ್ಬದ ಪಂಕ್ತಿಗೆಂದು ಇಟ್ಟ ಮಣೆಗಳ ರಾಶಿ ಕಂಡಿತು. ಅವನ್ನು ಇಳಿಸಿ, ಒಂದರ ಮೇಲೊಂದು ಪೇರಿಸಿ, ಜಾರದಂತೆ ಹಗ್ಗದಿಂದ ಬಿಗಿದು, ಕಿಟಕಿಯ ಕಬ್ಬಿಣದ ಸರಳಿನ ಪಕ್ಕ ಗೋಡೆಗೆ ಒತ್ತಿ ಇಡಿಸಿದೆ. ಎತ್ತರದ ಮೇಲಿಂದ ಏಳುವುದು ಹಗುರ. ಕಾಲಿಗೆ ಅದು ರೂಢಿಯಾದಂತೆ ಒಂದೊಂದೇ ಮಣೆ ತೆಗೆಯುತ್ತ ಹೋದರೆ ಕೊನೆಗೆ ನೆಲ ಸಿಗುತ್ತದೆ ಎಂಬುದು ನನ್ನ ಲೆಕ್ಕ.

ಲೆಕ್ಕ ಸರಿಯಿತ್ತು, ಮಂದಿ ಬಿಡಲಿಲ್ಲ. ಭಾಗಕ್ಕ ಸರಳು ಹಿಡಿದು ಮೊಣಕಾಲು ಊರಿ ತುಸು ಅಲುಗಿದರೆ ಸಾಕು, ಒಂದು ಕಡೆಯಿಂದ ಮಗ, ಇನ್ನೊಂದು ಕಡೆಯಿಂದ ಸೊಸೆ ಹಾರಿ ಬಂದು ಹೂವಿನಂತೆ ಎತ್ತಿ ನಿಲ್ಲಿಸುವರು. ಬೇಡವೆಂದರೆ ಮಾಸ್ತರರ ಕಣ್ಣು ತುಂಬುತ್ತಿತ್ತು. "ಅವ್ವ ಒದ್ದ್ಯಾಡೋದನ್ನ ನೋಡಿಕೋತ ನಿಲ್ಲಲೇನ್ರಿ? ನಾಲ್ಕು ಮಂದಿ ಏನಂದಾರು?" ಅನ್ನುವರು. ಓಣಿಯವರು ಮಾಸ್ತರರನ್ನು ಶ್ರವಣಕುಮಾರ ಎನ್ನುತ್ತಿದ್ದರು, ಸುಳ್ಳಲ್ಲ. ಇಂಥ ಮಗನನ್ನು ಯಾವ ಬಾಯಿಯಿಂದ ಬೈಯಲಿ? ಹೊಸ್ತಿಲ ಹೊರಗಿನಿಂದ ನೋಡುತ್ತಿದ್ದ ನನ್ನ ಕೈಗಳೂ ಭಾಗಕ್ಕ ತೂಗಾಡಿದಾಗಲೆಲ್ಲ ಮುಂದೆ ಚಾಚಿಕೊಳ್ಳುತ್ತಿದ್ದವು. ವಾರಗಳು ಉರುಳಿದವು, ಒಂದು ಮಣೆಯೂ ಇಳಿಯಲಿಲ್ಲ. ದುಡಿದದ್ದು ಮಗ ಸೊಸೆಯರ ತೋಳು, ಭಾಗಕ್ಕನ ಕಾಲಲ್ಲ.

ಒಂದು ದಿನ ಭಾಗಕ್ಕ ನಿಟ್ಟುಸಿರು ಬಿಟ್ಟು ಹೇಳಿದರು, "ಮಡಿ ಬಿಟ್ಟು ಎಷ್ಟು ದಿನಾತು ಗೊತ್ತದ ಏನು? ಆತುರಕ್ಕ ನೇಮ ಇಲ್ಲಂತ ಎಲ್ಲಾರೂ ಮುಟ್ಟತಾರ, ಎಲ್ಲಾರೂ ಎತ್ತತಾರ. ಬದುಕಿದ್ದೂ ಹೆಣಾ ಆಗೇನಿ ನೋಡು."

ನನಗೆ ಥಟ್ಟನೆ ಏನೋ ಹೊಳೆಯಿತು. "ಮಡೀಲೆ ಇದ್ದಾಗ ಮಾಸ್ತರರು ನಿಮ್ಮನ್ನ ಮುಟ್ಟಬಹುದೇನ್ರಿ?"

"ಮಗ ಏನು, ಬ್ರಹ್ಮದೇವರು ಬಂದ್ರೂ ಮುಟ್ಟಾಂಗಿಲ್ಲ."

"ಹಂಗಾರ ನಾಳಿಂದ ಮಡಿ ಉಡ್ರಿ."

ಭಾಗಕ್ಕ ನನ್ನನ್ನೇ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕಾಡತೊಡಗಿತು. ಆ ಮನೆಯಲ್ಲಿ ಅವರು ನಕ್ಕದ್ದು ನಾನು ಕಂಡದ್ದು ಅದೇ ಮೊದಲು. "ಏ ಸುಶೀಲಾ!" ಎಂದು ಕೂಗಿದರು. "ಈ ಕಿರಿಸ್ತಾನರ ಹುಡುಗಿ ನನಗ ಮಡಿ ಉಡಸಾಕ ಬಂದಾಳ ನೋಡವಾ!"

ಮಾರನೆಯ ಮುಂಜಾನೆಯಿಂದ ಹೊಸ ಪದ್ಧತಿ ಶುರುವಾಯಿತು. ಸುಶೀಲಾ ತಾನೂ ಮಡಿಯುಟ್ಟು ಅತ್ತೆಗೆ ಸ್ನಾನ ಮಾಡಿಸಿ, ಗಳದ ಮೇಲೆ ಒಣಗಿದ ಮಡಿಸೀರೆ ಉಡಿಸಿ, ಮಣೆಗಳ ಮೇಲೆ ಕೂರಿಸುವುದು. ಕೂರಿಸಿದವಳೇ ಹೊರಗೆ ಬಂದು ಕೂಸನ್ನು ಕಂಕುಳಿಗೆ ಹಾಕಿಕೊಳ್ಳುವುದು. ಕೂಸು ಹಾಸಿಗೆ ಒದ್ದೆ ಮಾಡುವ ವಯಸ್ಸಿನದು. ಅದನ್ನು ಮುಟ್ಟಿದಳೆಂದರೆ ಅವಳ ಮಡಿ ಹೋಯಿತು. ಮಾಸ್ತರರು ಸಾಲಿಯ ಕೋಟು ಹಾಕಿದ್ದರಿಂದ ಅವರೂ ಹೊರಗೆ. ನಾನಂತೂ ಹುಟ್ಟಿನಿಂದಲೇ ಹೊರಗಿನವಳು. ಹೀಗೆ ಮೂವರು ಹೊಸ್ತಿಲ ಈಚೆ ಸಾಲಾಗಿ ನಿಂತೆವು. ಒಳಗೆ ಭಾಗಕ್ಕ ಒಬ್ಬರೇ.

"ಬೀಳಾಕತ್ರ ಹಿಡೀರಿ" ಎಂದು ಭಾಗಕ್ಕ ಮೊದಲೇ ಎಚ್ಚರಿಸಿದರು. "ಆದ್ರ ಈ ಥಂಡ್ಯಾಗ ಮತ್ತೊಂದು ತಣ್ಣೀರು ಸ್ನಾನ ಮಾಡಿಸಿದ ಪಾಪ ಯಾರಿಗೆ ಸುತ್ತಗೋತದ, ನೀವೇ ವಿಚಾರ ಮಾಡ್ರಿ."

ಮಡಿಗೆ ಬಿಸಿನೀರು ನಡೆಯುವುದಿಲ್ಲವೇ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ಆ ಪಾಪದ ಭಯವೇ ಮಾಸ್ತರರನ್ನು ಹೊಸ್ತಿಲಲ್ಲಿ ನಿಲ್ಲಿಸಿತ್ತು.

ಮೊದಲ ದಿನಗಳನ್ನು ನಾನು ಮರೆತಿಲ್ಲ. ಭಾಗಕ್ಕನ ಕೈ ಸರಳನ್ನು ಬಿಗಿ ಹಿಡಿಯುತ್ತಿತ್ತು, ತೊಡೆ ನಡುಗುತ್ತಿತ್ತು, ಬಾಯಿ ವಿಠ್ಠಲ ವಿಠ್ಠಲ ಅನ್ನುತ್ತಿತ್ತು. ಅರ್ಧ ಎದ್ದು ಕೂರುವರು. ಮತ್ತೆ ಅರ್ಧ ಎದ್ದು ಕೂರುವರು. ಮಾಸ್ತರರು ಧೋತರದ ಚುಂಗನ್ನು ಮುಷ್ಟಿಯಲ್ಲಿ ಹಿಂಡುವರು. ನಾನು ಕೈಗಳನ್ನು ಬೆನ್ನ ಹಿಂದೆ ಒಂದಕ್ಕೊಂದು ಗಂಟು ಹಾಕಿದ್ದು ಆಗಲೇ. ದಿನ ಕಳೆದಂತೆ ಭಾಗಕ್ಕ ಪೂರಾ ನಿಂತರು. ಒಂದು ಮಣೆ ಇಳಿಯಿತು. ಗೆದ್ದ ಪೈಲ್ವಾನನ ಹಾಗೆ ಮೀಸೆ ತಿರುವುವ ಆಟ ಮಾಡಿ ಕೂಸನ್ನು ನಗಿಸಿದರು. ಆಮೇಲೆ ಇನ್ನೊಂದು ಮಣೆ ಇಳಿಯಿತು. ನಡುವೆ ನೆಗಡಿ ಬಂದು ಇಳಿಸಿದ ಮಣೆ ಮತ್ತೆ ಏರಿಸಬೇಕಾಯಿತು. ಅಂದು ಭಾಗಕ್ಕ ಬೇಸರಪಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು.

ಎಲ್ಲವೂ ತೀರ್ಮಾನವಾದದ್ದು ಒಂದು ಸೋಮವಾರ. ಉಳಿದಿದ್ದ ಎರಡು ಮಣೆಗಳ ಮೇಲಿಂದ ಏಳುವಾಗ ಒದ್ದೆ ನೆಲಕ್ಕೆ ಪಾದ ಜಾರಿತು. ಸರಳು ಕೈಯಲ್ಲೇ ಇದ್ದುದರಿಂದ ದೊಪ್ಪನೆ ಬೀಳಲಿಲ್ಲ. ಸರ್ರನೆ ಇಳಿದು ನೆಲದ ಮೇಲೆ ಕೂತುಬಿಟ್ಟರು. ಸುಶೀಲಾ ಚೀರಿದಳು. ಮಾಸ್ತರರ ಒಂದು ಕಾಲು ಹೊಸ್ತಿಲು ದಾಟಿತ್ತು.

"ಮುಟ್ಟಬ್ಯಾಡೋ!" ಎಂದು ಭಾಗಕ್ಕ ಒದರಿದರು. "ಮಡೀಲೆ ಇದ್ದೇನಿ!"

ಮಾಸ್ತರರು ಅಲ್ಲೇ ಕಲ್ಲಾದರು. "ಅವ್ವಾ, ಪೆಟ್ಟಾತೇನ?"

"ಪೆಟ್ಟಾಗಿಲ್ಲ. ಸುಮ್ಮನ ನಿಲ್ಲು."

ಭಾಗಕ್ಕ ನೆಲದ ಮೇಲೆ ಸುಧಾರಿಸಿಕೊಂಡರು. ಮೊದಲು ಒಂದು ಮಗ್ಗುಲಿಗೆ ಹೊರಳಿದರು. ಅಂಬೆಗಾಲಿಡುವ ಕೂಸಿನಂತೆ ಕೈಯೂರಿ ಮೊಣಕಾಲ ಮೇಲೆ ಬಂದರು. ಒಂದು ಪಾದ ಮುಂದೆ ಇಟ್ಟರು, ಕೆಳಗಿನ ಸರಳು ಹಿಡಿದರು, ಆಮೇಲೆ ಮೇಲಿನದು. ಕೆಂಪು ಸೀರೆಯೊಳಗೆ ಆ ಸಣ್ಣ ಮೈಯೆಲ್ಲ ಗಡಗಡ ನಡುಗುತ್ತ, ನಡುಗುತ್ತಲೇ ಮೇಲೆ ಬಂತು. ನೇರ ನಿಂತ ಮೇಲೆ ಭಾಗಕ್ಕ ನಮ್ಮ ಕಡೆ ತಿರುಗಿದರು.

"ತಂಬಗಿ ಎಲ್ಲದ?"

ಹಾಸಿಗೆಯ ಪಕ್ಕದಲ್ಲಿದ್ದ ತಂಬಿಗೆಯನ್ನು ತಾವೇ ಎತ್ತಿಕೊಂಡರು. ಎತ್ತರಿಸಿ ಹಿಡಿದು ಗಟಗಟನೆ ಅಷ್ಟೂ ನೀರು ಕುಡಿದರು. ಆಮೇಲೆ ಗೋಡೆ ಹಿಡಿದುಕೊಂಡು, ಮೆಲ್ಲಮೆಲ್ಲಗೆ, ಯಾರನ್ನೂ ಕರೆಯದೆ ಹಿತ್ತಲಿನ ಬಾಗಿಲ ಕಡೆ ಹೊರಟರು. ಮಾಸ್ತರರು ಕೋಟಿನ ತೋಳಿನಿಂದ ಮುಖ ಮುಚ್ಚಿಕೊಂಡು ಅತ್ತರು. ನಾನೂ ಅತ್ತೆ, ಯಾಕೆ ಸುಳ್ಳು ಹೇಳಲಿ.

ಡಾಕ್ಟರಬಾಯಿ ಈ ಕಥೆ ಕೇಳಿ ಮೇಜು ಕುಟ್ಟಿ ನಕ್ಕರು. ನಗು ನಿಂತ ಮೇಲೆ, "ನಮ್ಮ ವಾರ್ಡಿನ್ಯಾಗೂ ಒಂದು ಮಡಿ ಬೇಕಲ್ಲ ಮಾರ್ಥಾ" ಅಂದರು. ಅಂದಿನಿಂದ ನಮ್ಮ ದವಾಖಾನೆಯಲ್ಲಿ ಮುಂಜಾನೆ ಒಂದು ತಾಸು, ಡಾಕ್ಟರಬಾಯಿ ಅಪ್ಪಣೆ ಕೊಟ್ಟ ಮುದುಕಿಯರನ್ನು ನೆಂಟರಿಷ್ಟರು ಮುಟ್ಟುವಂತಿಲ್ಲ ಎಂಬ ಕಟ್ಟಳೆ ಬಂತು. ಅವರು ತಾವೇ ಕೂತು, ತಾವೇ ಏಳಬೇಕು. ಬೀಳದಂತೆ ಕಾಯಲು ನಾವಿರುತ್ತಿದ್ದೆವು. ಅದರ ಹೆಸರೇ ಮಡಿ ತಾಸು. ಗೊಣಗಿದವರು ಕಡಿಮೆಯೇನಲ್ಲ. "ಮುಪ್ಪಿನ ಜೀವಕ್ಕ ಗರಡಿ ಸಾಧನಿ ಮಾಡಸ್ತಾರ" ಎಂದು ಊರೆಲ್ಲ ಆಡಿಕೊಂಡಿತು. ಆಡುವವರ ಬಾಯಿಗೆ ಬೀಗ ಹಾಕಲಾದೀತೇ?

ಆ ತಾಸಿನಲ್ಲಿ ನೆನಪುಳಿದವರು ಕಮರಿಪೇಟೆಯ ಖತೀಜಾಬಿ. ಮೊದಲ ದಿನ ಕಟ್ಟಳೆ ಕೇಳಿ, "ನಮಗೂ ಮಡಿ ಐತೇನ್ರಿ ಬಾಯಿ?" ಎಂದು ಬೊಚ್ಚುಬಾಯಿ ತೆರೆದು ನಕ್ಕರು. ಅವರ ಗಂಡ ಹುಸೇನಸಾಬ ಹಳೆಯ ಪೈಲ್ವಾನ. ಕಿಟಕಿಯ ಹೊರಗೆ ನಿಂತು, "ಬೈಠಕ್ ಹಂಗಲ್ಲ, ಬೆನ್ನು ಸೀದಾ!" ಎಂದು ಕೂಗುವರು. ಕೂಗಿದ್ದು ಸಾಲದೆಂದು ಪೈಲ್ವಾನರ ಖುರಾಕು ಎಂದು ಬಾದಾಮಿ ಅರೆದ ಹಾಲನ್ನು ಕದ್ದು ಕುಡಿಸಿ ಹೆಂಡತಿಯ ಹೊಟ್ಟೆ ಕೆಡಿಸಿದರು. ಡಾಕ್ಟರಬಾಯಿ ಅವರನ್ನು ಗೇಟಿನ ಹೊರಗೆ ಅಟ್ಟಿದರು. ಗೇಟಿನ ಹೊರಗಿನಿಂದಲೂ ಕೂಗಿದರು. ಖತೀಜಾಬಿ ಮನೆಗೆ ಹೋದ ಮೇಲೆ ಒಮ್ಮೆ ನೋಡಲು ಹೋದೆ. ಚಾಪೆ ಹಾಸಿ ನಮಾಜು ಮಾಡುತ್ತಿದ್ದರು. ಹಣೆ ನೆಲಕ್ಕೆ ಮುಟ್ಟಿಸಿ, ತಾವೇ ಮೇಲೆದ್ದರು. ಹೊರಗೆ ಕೂತಿದ್ದ ಹುಸೇನಸಾಬ ನನ್ನ ಕಡೆ ನೋಡಿ ಕಣ್ಣೊರೆಸಿಕೊಂಡರು. ಅಂದು ಮಾತ್ರ ಕೂಗಲಿಲ್ಲ.

ಭಾಗಕ್ಕನ ಮನೆಗೆ ಕೆಲಸವಿಲ್ಲದಿದ್ದರೂ ಹೋಗುತ್ತಿದ್ದೆ. ನನಗೆಂದು ಕಟ್ಟೆಯ ಮೇಲೆ ಒಂದು ಮಣೆ ಬೇರೆಯೇ ಇಟ್ಟಿದ್ದರು. ಬೇರೆಯೇ, ಅದನ್ನೂ ಮರೆತಿಲ್ಲ. ಒಂದು ಇಳಿಹೊತ್ತು ಅದರ ಮೇಲೆ ಕೂತಿದ್ದೆ. ಭಾಗಕ್ಕ ಕೋಲು ಊರಿಕೊಂಡು ಹೊರಗೆ ಬಂದರು, ನನ್ನ ಪಕ್ಕಕ್ಕೇ ಕುಳಿತರು, ನನ್ನ ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ನಾನು ಗಾಬರಿಯಿಂದ ಎಳೆದುಕೊಳ್ಳಲು ಹೋದೆ.

"ಅಮ್ಮ, ಮೈಲಿಗಿ ಆಗ್ತದರಿ!"

"ಆಗಲಿ ಬಿಡು. ಈಗ ನನ್ನ ಸ್ನಾನ ನಾನ ಮಾಡ್ಕೋತೀನಿ. ಇನ್ನ ಯಾರ್ನ ಮುಟ್ಟಿದ್ರೇನು?" ಅಂದರು. ಬಿಡದೆ ಹಿಡಿದುಕೊಂಡೇ ಕೂತಿದ್ದರು. "ಎತ್ತೋ ಕೈ ಮನೀ ತುಂಬ ಇದ್ದೂವು ಮಾರ್ಥಾ. ಈ ಕೈ ಸುಮ್ಮನಿದ್ದದ್ದಕ್ಕ ನಾ ಎದ್ದೆ."

ಆಮೇಲೆ ಹಿತ್ತಲಿಗೆ ಹೋಗಿ ಸ್ನಾನ ಮಾಡಿರಬೇಕು. ಮಾಡಲಿ. ಅಷ್ಟು ಹೊತ್ತು ಹಿಡಿದ ಕೈ ಹಿಡಿದದ್ದೇ. ನನ್ನ ನೌಕರಿಯಲ್ಲಿ ಸಿಕ್ಕ ಪಗಾರ, ಬಡ್ತಿ ಯಾವುದೂ ಆ ಇಳಿಹೊತ್ತಿಗೆ ಸಮನಲ್ಲ.

ಭಾಗಕ್ಕ ಕೊನೆಯವರೆಗೂ ತಮ್ಮ ನೀರು ತಾವೇ ತುಂಬಿಕೊಂಡು ಬದುಕಿ, ಎರಡನೆಯ ಮಹಾಯುದ್ಧದ ದಿನಗಳಲ್ಲಿ ತೀರಿಕೊಂಡರು. ಸುಶೀಲಾ ಆ ಕಟ್ಟೆಯ ಮಣೆಯನ್ನು ನನಗೆ ತಂದುಕೊಟ್ಟಳು, ಅತ್ತೆಯ ಮಾತಾಗಿತ್ತಂತೆ. ದೇಶ ಸ್ವತಂತ್ರವಾದ ವರ್ಷ ನಾನು ನಿವೃತ್ತಳಾದೆ. ಈಗ ನನ್ನ ಮೊಣಕಾಲುಗಳೂ ಕಟಕಟ ಅನ್ನುತ್ತವೆ. ಆದರೂ ದಿನಾ ಆ ಮಣೆಯ ಮೇಲೆ ಕೂರುತ್ತೇನೆ, ಕಾಯಿಪಲ್ಯ ಹೆಚ್ಚುತ್ತೇನೆ, ಏಳುತ್ತೇನೆ.

ದವಾಖಾನೆಯ ಹುಡುಗಿಯರು ಬಂದಾಗಲೂ ಅದರ ಮೇಲೆಯೇ ಕೂತಿರುತ್ತೇನೆ. ಅವರು ಹೊರಟಾಗ ಬಾಗಿಲವರೆಗೆ ಕಳಿಸಲೆಂದು ನಾನು ಒಂದು ಕೈ ನೆಲಕ್ಕೆ ಊರಿದೆನೆಂದರೆ, ಪಾಪ, ಒಳ್ಳೆಯ ಮಕ್ಕಳು, ಎಲ್ಲರೂ ಒಮ್ಮೆಲೇ ಕೈ ಚಾಚಿ ಓಡಿ ಬರುತ್ತಾರೆ.

"ಮುಟ್ಟಬ್ಯಾಡ್ರೇ!" ಅನ್ನುತ್ತೇನೆ. "ಮಡೀಲೆ ಇದ್ದೇನಿ!"

ಅವರು ಗೋಡೆಯ ಮೇಲಿನ ಶಿಲುಬೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹಾಗೇ ನಿಂತುಬಿಡುತ್ತಾರೆ. ನಾನು ನಿಧಾನವಾಗಿ ಏಳುತ್ತೇನೆ.